ಐಟಾಕಿಯಲ್ಲಿ ಸ್ಪ್ಯಾನಿಷ್: ಬಾಯಿ ಬಿಡಬೇಕು ಅನ್ನುವವರಿಗೆ, ಕಲಬುರಗಿಯಿಂದ ಒಂದು ರಿವ್ಯೂ

ಸ್ಪ್ಯಾನಿಷ್ ಓದಿದರೆ ತಿಳಿಯುತ್ತದೆ, ಕೇಳಿದರೆ ಅರ್ಧಂಬರ್ಧ ತಿಳಿಯುತ್ತದೆ, ಮಾತಾಡಬೇಕು ಅಂದಾಗ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ಈ ಹಂತದಲ್ಲಿ ಸಿಕ್ಕಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಐಟಾಕಿ (italki) ಅಂದರೆ ಆನ್‌ಲೈನ್‌ನಲ್ಲಿ ಭಾಷೆ ಕಲಿಸುವ ಟೀಚರ್‌ಗಳು ಸಿಗುವ ವೆಬ್‌ಸೈಟ್. ಅದಕ್ಕೆ ನಾನು ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಯಾಕೆ ಅಂದರೆ, ಅಲ್ಲಿ ನಿಮ್ಮ ವಾಕ್ಯ ಮುಗಿಯುವವರೆಗೆ ಎದುರಿಗಿರುವವರು ಕಾಯುತ್ತಾರೆ. ಧೈರ್ಯ ಬರೋದು ಅಲ್ಲಿಂದಲೇ.

ನನಗೆ ಇದು ಬೇಕಾಗಿದ್ದು ಕೆಲಸಕ್ಕೆ. ವಯಸ್ಸು ನಲವತ್ತು ದಾಟಿದೆ. ಜೇವರ್ಗಿ ರೋಡಿನ ಮನೆಯಿಂದಲೇ ಸಾಫ್ಟ್‌ವೇರ್ ಸಪೋರ್ಟ್ ಮಾಡುತ್ತೇನೆ, ಕ್ಲೈಂಟ್ ಟೀಮ್ ಇರೋದು ಮೆಕ್ಸಿಕೊದ ಗ್ವಾದಲಹಾರಾದಲ್ಲಿ. ನಮಗೆ ಸಂಜೆ ಏಳೂವರೆ ಆದಾಗ ಅವರಿಗೆ ಬೆಳಿಗ್ಗೆ ಎಂಟು. ಕಾಲ್‌ನಲ್ಲಿ ನನ್ನ ಜೊತೆ ಇಂಗ್ಲಿಷ್, ತಮ್ಮ ತಮ್ಮಲ್ಲಿ ಸ್ಪ್ಯಾನಿಷ್. ಎಲ್ಲಿ ಏನು ಕೆಟ್ಟಿದೆ, ಯಾರು ಸರಿ ಮಾಡಬೇಕು ಅನ್ನೋ ಅಸಲಿ ಮಾತೆಲ್ಲ ಆ ಸ್ಪ್ಯಾನಿಷ್‌ನಲ್ಲೇ ಮುಗಿದುಹೋಗುತ್ತಿತ್ತು. ಅದರೊಳಗೆ ನನ್ನದೂ ಒಂದು ಮಾತು ಇರಬೇಕು ಅನ್ನೋದು ನನ್ನ ಆಸೆ.

ಇದಕ್ಕೆ ಮೊದಲು ಒಂದು ಆನ್‌ಲೈನ್ ಕೋಚಿಂಗ್‌ಗೆ ದುಡ್ಡು ಕಟ್ಟಿದ್ದೆ, ಹೆಸರು ಬೇಡ. ಪರದೆ ತುಂಬ ವಿದ್ಯಾರ್ಥಿಗಳು, ಎಲ್ಲರ ಮೈಕ್ ಬಂದ್, ಮೇಷ್ಟ್ರು ಒಬ್ಬರೇ ಮಾತಾಡುವುದು. ಕ್ರಿಯಾಪದದ ಪಟ್ಟಿ ಬಾಯಿಪಾಠ ಆಯಿತು, ನಿಜ. ಆದರೆ ಕೋರ್ಸ್ ಮುಗಿದರೂ ಒಬ್ಬ ಮನುಷ್ಯನ ಜೊತೆ ಐದು ನಿಮಿಷ ಮಾತಾಡಿರಲಿಲ್ಲ. ದೊಡ್ಡವರಿಗೆ ಭಾಷೆ ಕಲಿಸೋ ರೀತಿ ಇದಲ್ಲ. ನಮಗೆ ನಾಚಿಕೆ ಜಾಸ್ತಿ, ಅದನ್ನು ಬಿಡಿಸದೆ ಎಷ್ಟು ಪಾಠ ಮಾಡಿದರೇನು?

ಐಟಾಕಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಟೀಚರ್, ವಿಡಿಯೊ ಕಾಲ್. ಟೀಚರ್‌ಗಳಲ್ಲಿ ಎರಡು ಥರ: ಕಲಿಸೋದಕ್ಕೆ ಸರ್ಟಿಫಿಕೇಟ್ ಇರುವವರು, ಸುಮ್ನೆ ಕೂತು ಮಾತಾಡಿಸುವವರು. ಎರಡನೆಯವರ ರೇಟ್ ಸಾಮಾನ್ಯವಾಗಿ ಕಡಿಮೆ. ಪ್ರತಿಯೊಬ್ಬರೂ ತಮ್ಮ ವಿಡಿಯೊ ಹಾಕಿರುತ್ತಾರೆ, ದರವನ್ನೂ ಅವರೇ ಇಡುತ್ತಾರೆ. ಹೆಚ್ಚಿನವರ ಹತ್ತಿರ ಅರ್ಧ ಗಂಟೆಯ ಟ್ರಯಲ್ ಸಿಗುತ್ತದೆ, ಅದನ್ನು ಬಿಡಬೇಡಿ. ನಾನು ಆರಿಸಿಕೊಂಡಿದ್ದು ಮೆಕ್ಸಿಕೊದ ಪುಯೆಬ್ಲಾದ ಒಬ್ಬ ಮೇಡಂ ಅವರನ್ನು. ನೀವು ಯಾವ ದೇಶದವರ ಜೊತೆ ಮಾತಾಡಬೇಕೋ ಅಲ್ಲಿನವರನ್ನೇ ಹಿಡಿಯಿರಿ. ಸ್ಪೇನಿನ ಬಹುಪಾಲು ಕಡೆ ಝಡ್ ಅಕ್ಷರವನ್ನು ನಾಲಿಗೆ ಹಲ್ಲಿನ ನಡುವೆ ಇಟ್ಟು ಹೇಳುತ್ತಾರೆ, ಮೆಕ್ಸಿಕೊದಲ್ಲಿ ಅದು ಸೀದಾ ಸ. ಶುರುವಿನಲ್ಲೇ ಎರಡನ್ನೂ ಕಲಸಿಕೊಂಡರೆ ಕಿವಿಗೆ ಕಷ್ಟ.

ನಮ್ಮ ಮೇಡಂ ಪಾಠ ಶುರು ಮಾಡುವುದೇ ಇವತ್ತು ಏನು ಊಟ ಮಾಡಿದಿರಿ ಅಂತ. ಒಂದು ಸಲ ಜೋಳದ ರೊಟ್ಟಿ ಅಂದೆ. ನಮ್ಮ ಬಿಳಿಜೋಳಕ್ಕೆ ಸ್ಪ್ಯಾನಿಷ್‌ನಲ್ಲಿ ಸೋರ್ಗೊ. ಮೆಕ್ಸಿಕೊದಲ್ಲಿ ಅದನ್ನು ಬೆಳೆಯುವುದು ಹೆಚ್ಚಾಗಿ ದನ ಕೋಳಿಗಳಿಗೆ ಹಾಕಲು. ಹಾಗಾಗಿ ಅವರು ಆಶ್ಚರ್ಯದಿಂದ, ಅದನ್ನು ಜನ ತಿನ್ನುತ್ತಾರಾ ಅಂದುಬಿಟ್ಟರು. ನನಗೆ ಎಲ್ಲಿತ್ತೋ ಹುಮ್ಮಸ್ಸು! ಹಿಟ್ಟಿಗೆ ಬಿಸಿನೀರು ಹಾಕಿ ನಾದಬೇಕು, ಕೈಯಿಂದ ಬಡಿಯಬೇಕು, ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಒಣಗಿಸಿ ಕಟಕ ಮಾಡಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ಜೊತೆಗೆ ಎಣ್ಣೆಗಾಯಿ, ಶೇಂಗಾ ಹಿಂಡಿ ಅಂತ ಒಂದೇ ಸಮನೆ ಹೇಳುತ್ತ ಹೋದೆ. ಬಡಿಯುವುದಕ್ಕೆ ಶಬ್ದ ಸಿಗದೆ ಕ್ಯಾಮೆರಾ ಮುಂದೆ ಕೈ ಆಡಿಸಿ ತೋರಿಸಿದೆ. ಅವರು ತಕ್ಷಣ ತಮ್ಮ ಕಡೆಯ ರೊಟ್ಟಿ ತೊರ್ತಿಯಾ ಹೇಗೆ ತಟ್ಟುತ್ತಾರೆ ಅಂತ ತೋರಿಸಿದರು, ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುವುದನ್ನು ವಿವರಿಸಿದರು. ಅಷ್ಟು ಹೊತ್ತು ಕಾಲ, ಲಿಂಗ, ವಿಭಕ್ತಿ ಯಾವುದೂ ನನಗೆ ನೆನಪಾಗಲಿಲ್ಲ. ಅವರೂ ನಡುವೆ ತಿದ್ದಲಿಲ್ಲ. ತಪ್ಪುಗಳನ್ನು ಚಾಟ್‌ನಲ್ಲಿ ಬರೆದಿಟ್ಟು ಕೊನೆಗೆ ಕಳಿಸಿದರು. ಒಳ್ಳೆಯ ಟೀಚರ್ ಗುರುತು ಅದೇ, ನೋಡಿ. ವಾಕ್ಯ ವಾಕ್ಯಕ್ಕೂ ನಿಲ್ಲಿಸಿ ತಿದ್ದಿದರೆ ನಮ್ಮಂಥ ವಯಸ್ಸಿನವರು ಬಾಯೇ ತೆರೆಯುವುದಿಲ್ಲ.

ಉಚ್ಚಾರದ ಬಗ್ಗೆ ಹೆದರಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಗ್ಲಿಷ್‌ನಲ್ಲಿ ಬರುವ ಕಲಿಕೆಯ ವಿಡಿಯೊಗಳೆಲ್ಲ ಇಂಗ್ಲಿಷ್ ಮಾತಾಡುವವರ ಕಷ್ಟವನ್ನೇ ಹೇಳುತ್ತವೆ. ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ, ಐದೂ ನಮಗೆ ಗೊತ್ತಿರುವವೇ. ಅವರ ತ ಮತ್ತು ದ ನಮ್ಮ ತ, ದ ಇದ್ದ ಹಾಗೇ ಹಲ್ಲಿಗೆ ತಾಗುತ್ತವೆ, ಇಂಗ್ಲಿಷ್ ರೂಢಿಯಲ್ಲಿ ಟ, ಡ ಅನ್ನಬೇಡಿ ಅಷ್ಟೇ. ರಕಾರ ಎರಡು ಥರ, ಪೆರೊ ಅಂದರೆ 'ಆದರೆ', ಪೆರ್ರೊ ಅಂದರೆ 'ನಾಯಿ'. ದಿನಾ ಬರ್ರಿ, ಕೂಡ್ರಿ ಅನ್ನುವ ಊರಿನವರಿಗೆ ಇದು ಬೇಗ ಹತ್ತುತ್ತದೆ. ನನಗೆ ಇಷ್ಟ, ನನಗೆ ತಲೆ ನೋಯುತ್ತದೆ ಅನ್ನುವ ವಾಕ್ಯಗಳನ್ನೂ ಅವರು ಹೆಚ್ಚುಕಡಿಮೆ ನಮ್ಮ ಹಾಗೇ ಕಟ್ಟುತ್ತಾರೆ. ಕ್ರಿಯಾಪದದ ಬಾಲ ನೋಡಿದರೆ ಯಾರು ಮಾಡಿದ್ದು ಅಂತ ಗೊತ್ತಾಗುತ್ತದೆ, ನಾನು, ನೀನು ಅಂತ ಪ್ರತಿ ಸಲ ಹೇಳಬೇಕಾಗಿಲ್ಲ. ನಿಜವಾಗಿ ಕಷ್ಟ ಕೊಡುವುದು ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳಬೇಕು ಅನ್ನೋದು. ಆಬ್ಲೊ ಅನ್ನುವಾಗ ಒತ್ತು ಮೊದಲಿಗೆ ಬಿದ್ದರೆ 'ನಾನು ಮಾತಾಡುತ್ತೇನೆ' ಅಂತ ಅರ್ಥ, ಕೊನೆಗೆ ಬಿದ್ದರೆ 'ಅವನು ಮಾತಾಡಿದ' ಅಂತ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ, ಅದಕ್ಕೇ ಅದು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಇದನ್ನು ಪುಸ್ತಕದಿಂದ ಕಲಿಯೋಕೆ ಆಗಲ್ಲ, ಎದುರಿಗೆ ಕೇಳುವ ಮನುಷ್ಯ ಬೇಕು.

ಅಷ್ಟಕ್ಕೂ ಕಲಬುರಗಿಯವರಿಗೆ ಇನ್ನೊಂದು ಭಾಷೆ ಹೊಸದಾ? ಸೂಪರ್ ಮಾರ್ಕೆಟ್ ಅನ್ನೋ ನಮ್ಮೂರ ಬಜಾರಿನಲ್ಲಿ ತರಕಾರಿ ಚೌಕಾಸಿ ಮಾಡುತ್ತಾ ದಖ್ಖನಿ ಉರ್ದು ಕಲಿತವರು ನಾವು. ಆಟೊದಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಒಂದು, ಸೊಲ್ಲಾಪುರದ ಬೀಗರು ಬಂದರೆ ಮರಾಠಿ. ಅಲ್ಲಿ ಯಾರೂ ವ್ಯಾಕರಣ ಕೇಳಲಿಲ್ಲ, ನಾವೂ ತಲೆ ಕೆಡಿಸಿಕೊಳ್ಳಲಿಲ್ಲ. ಸ್ಪ್ಯಾನಿಷ್‌ಗೆ ಮಾತ್ರ ಪರೀಕ್ಷೆ ಬರೆಯುವ ಹಾಗೆ ಕೂತರೆ ಹೇಗೆ?

ಈಗ ಆಫೀಸಿನ ಕಾಲ್‌ನಲ್ಲಿ ಗೊತ್ತಾಗದಿದ್ದರೆ ಮಾಸ್ ದೆಸ್ಪಾಸಿಯೊ, ಪೋರ್ ಫಾವೋರ್ ಅನ್ನುತ್ತೇನೆ, ಸ್ವಲ್ಪ ನಿಧಾನ ಅಂತ. ಅವರೂ ನಿಧಾನ ಮಾಡುತ್ತಾರೆ. ಇತ್ತೀಚೆಗೆ ಒಂದು ಸರ್ವರ್ ತೊಂದರೆಯನ್ನು ಪೂರ್ತಿ ಸ್ಪ್ಯಾನಿಷ್‌ನಲ್ಲೇ ವಿವರಿಸಿದೆ. ತಡವರಿಸಿದೆ, ಆದರೂ ಇಂಗ್ಲಿಷ್‌ಗೆ ಓಡಲಿಲ್ಲ. ಅವತ್ತು ಆದ ಖುಷಿ ಸಣ್ಣದಲ್ಲ.

ಇನ್ನು ಆ ಅರ್ಧ ಅಂಕ ಯಾಕೆ ಕಡಿಮೆ ಅಂದರೆ ದುಡ್ಡಿನ ಲೆಕ್ಕ. ದರ ಡಾಲರ್‌ನಲ್ಲಿ. ಗಂಟೆಗೆ 8-10 ಡಾಲರ್‌ಗೆ ಒಳ್ಳೆಯವರು ಸಿಗುತ್ತಾರೆ, ಆದರೆ ಐಟಾಕಿಯ ವ್ಯಾಲೆಟ್‌ಗೆ ದುಡ್ಡು ಹಾಕುವಾಗ ಸಣ್ಣ ಫೀ ಬೇರೆ ಸೇರುತ್ತದೆ. ವಾರಕ್ಕೆ ಎರಡು ಕ್ಲಾಸ್ ಅಂದರೂ ನಮ್ಮ ಊರಿನ ಸಂಬಳಕ್ಕೆ ಭಾರವೇ. ನಾನು ಅರ್ಧ ಗಂಟೆಯ ಕ್ಲಾಸ್‌ಗಳನ್ನೇ ತೆಗೆದುಕೊಳ್ಳುತ್ತೇನೆ. ಅರ್ಧ ಗಂಟೆ ಬಿಡದೆ ಬೇರೆ ಭಾಷೆ ಮಾತಾಡಿದರೆ ತಲೆ ಸಾಕು ಅನ್ನುತ್ತದೆ. ಟೈಮ್ ನಮಗೆ ಅನುಕೂಲ, ಬೆಳಿಗ್ಗೆ ಆರೂವರೆಗೆ ಪುಯೆಬ್ಲಾದಲ್ಲಿ ಹಿಂದಿನ ದಿನದ ಸಂಜೆ ಏಳು. ಬೇಸಿಗೆಯಲ್ಲಂತೂ ಕಲಬುರಗಿಯಲ್ಲಿ ತಲೆ ಓಡುವುದೇ ಆ ಹೊತ್ತಿಗೆ. ಕ್ಲಾಸ್ ಮುಂದೆ ಹಾಕಬೇಕಿದ್ದರೆ 24 ಗಂಟೆ ಮೊದಲೇ ಮಾಡಿ.

ಏನೂ ಬಾರದವರು ಮೊದಲೇ ಇಲ್ಲಿ ದುಡ್ಡು ಹಾಕಬೇಡಿ. ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಅಂತ ಇದೆ, ಪೂರ್ತಿ ಉಚಿತ, 90 ಆಡಿಯೊ ಪಾಠ. ಅವರು ಪ್ರಶ್ನೆ ಕೇಳಿದಾಗ ನಿಲ್ಲಿಸಿ ಜೋರಾಗಿ ಉತ್ತರ ಹೇಳಬೇಕು, ಮನಸ್ಸಿನಲ್ಲೇ ಅಂದುಕೊಂಡರೆ ಉಪಯೋಗ ಇಲ್ಲ. ಪಾಠ ಇಂಗ್ಲಿಷ್‌ನಲ್ಲಿದೆ, ಸರಳವಾಗಿದೆ. ಕೇಳಿಸಿಕೊಳ್ಳೋಕೆ ಡ್ರೀಮಿಂಗ್ ಸ್ಪ್ಯಾನಿಷ್ ವಿಡಿಯೊಗಳು ಚೆನ್ನಾಗಿವೆ. ಕೆಲಸಕ್ಕೆ ಸರ್ಟಿಫಿಕೇಟ್ ಬೇಕು ಅನ್ನುವವರಿಗೆ ಸ್ಪ್ಯಾನಿಷ್ ಎಷ್ಟು ಬರುತ್ತದೆ ಅಂತ ನೋಡುವ ದೆಲೆ (DELE) ಪರೀಕ್ಷೆ ಇದೆ, ದೆಹಲಿಯಲ್ಲಿರುವ ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್ಸ್ತಿತುತೊ ಸೆರ್ವಾಂತೆಸ್‌ನಲ್ಲಿ ವಿಚಾರಿಸಿ. ಅದರಲ್ಲೂ ಮಾತಾಡುವ ಭಾಗ ಬೇರೆಯೇ ಇರುತ್ತದೆ, ಆದ್ದರಿಂದ ಟ್ರಯಲ್ ಕ್ಲಾಸಿನಲ್ಲೇ ಟೀಚರ್‌ಗೆ ಹೇಳಿಬಿಡಿ: ನೀವು ಕಡಿಮೆ ಮಾತಾಡಿ, ನನ್ನನ್ನು ಜಾಸ್ತಿ ಮಾತಾಡಿಸಿ.