ಬೆಟ್ಟದ ಸ್ನೋಮೊಬೈಲ್ ಬಯಲಿಗಿಳಿದಾಗ: ಸ್ಕೀ-ಡೂ ಟಿಆರ್‌ಎ ಕ್ಲಚ್‌ನ ಕ್ಲಿಕ್ಕರ್‌ಗಳ ವಿಮರ್ಶೆ

ಸ್ಕೀ-ಡೂ ಬ್ರ್ಯಾಂಡಿನ ಸ್ನೋಮೊಬೈಲ್‌ಗಳ, ಅಂದರೆ ಹಿಮದ ಮೇಲೆ ಓಡುವ ಗಾಡಿಗಳ, ಟಿಆರ್‌ಎ ಎಂಬ ಬೆಲ್ಟ್ ಕ್ಲಚ್‌ನಲ್ಲಿ ಮೂರು ಹೊಂದಾಣಿಕೆ ಸ್ಕ್ರೂಗಳಿರುತ್ತವೆ. ಸವಾರರು ಅವನ್ನು ಕ್ಲಿಕ್ಕರ್ ಎನ್ನುತ್ತಾರೆ. ಎತ್ತರದ ಪರ್ವತಗಳಿಗೆಂದು ಅಣಿಗೊಳಿಸಿದ ಗಾಡಿಯನ್ನು ತಗ್ಗಿನ ಪ್ರದೇಶಕ್ಕೆ ತಂದಾಗ ಇವುಗಳಿಂದ ಎಷ್ಟರಮಟ್ಟಿಗೆ ಕೆಲಸ ನಡೆಯುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ನಾನು ಇವನ್ನು ಬಳಸಿ ನೋಡಿದ್ದು 600 ಎಚ್.ಓ. ಇ-ಟೆಕ್ ಎಂಬ ಟೂ-ಸ್ಟ್ರೋಕ್ ಎಂಜಿನ್ ಇರುವ, ಎರಡನೆಯ ಕೈಯಿಂದ ಕೊಂಡ, ಸಮಿಟ್ ಎಂಬ ಪರ್ವತ ಮಾದರಿಯ ಒಂದು ಸ್ಕೀ-ಡೂ ಗಾಡಿಯಲ್ಲಿ. ಮೊದಲ ಮಾಲೀಕರು ಅದನ್ನು ಅಮೆರಿಕದ ಮೊಂಟಾನಾ ರಾಜ್ಯದ ವೆಸ್ಟ್ ಯೆಲ್ಲೋಸ್ಟೋನ್ ಸುತ್ತಮುತ್ತ ಓಡಿಸುತ್ತಿದ್ದರು. ಆ ಊರು ಸಮುದ್ರಮಟ್ಟದಿಂದ ಸುಮಾರು 2,030 ಮೀಟರ್ ಎತ್ತರದಲ್ಲಿದೆ, ಅಂದರೆ ಮುಳ್ಳಯ್ಯನಗಿರಿಯ ನೆತ್ತಿಗಿಂತ ನೂರು ಮೀಟರ್ ಮೇಲಿದೆ, ಸವಾರಿಯ ಇಳಿಜಾರುಗಳು ಅದಕ್ಕೂ ಎತ್ತರದಲ್ಲಿವೆ. ಈಗ ಅದೇ ಗಾಡಿ ಮಿನ್ನೆಸೋಟದಲ್ಲಿ, ಲೇಕ್ ಸುಪೀರಿಯರ್‌ನ ಉತ್ತರ ದಂಡೆಯ ಕಾಡುದಾರಿಗಳಲ್ಲಿ ಓಡುತ್ತಿದೆ. ಸರೋವರದ ನೀರಿನ ಮಟ್ಟ ಸುಮಾರು 183 ಮೀಟರ್, ರಾಜ್ಯದ ಅತ್ಯುನ್ನತ ಶಿಖರವಾದ ಈಗಲ್ ಮೌಂಟನ್ ಕೇವಲ 701 ಮೀಟರ್. ಕ್ಲಚ್‌ನ ಲೆಕ್ಕದಲ್ಲಿ ಇಡೀ ರಾಜ್ಯವೇ ತಗ್ಗು ನೆಲ.

ಗೇರಿಲ್ಲದ ಸ್ಕೂಟರ್‌ನ ಹೊಟ್ಟೆಯನ್ನು ಒಮ್ಮೆಯಾದರೂ ಬಿಚ್ಚಿ ನೋಡಿದವರಿಗೆ ಈ ಕ್ಲಚ್‌ನ ತತ್ತ್ವ ಹೊಸದೇನಲ್ಲ. ಆಕ್ಟಿವಾದ ವೇರಿಯೇಟರ್‌ನಲ್ಲಿ ರೋಲರ್‌ಗಳು ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಬೆಲ್ಟನ್ನು ಪುಲ್ಲಿಯ ಅಂಚಿನತ್ತ ತಳ್ಳುವ ಹಾಗೆಯೇ, ಇಲ್ಲಿಯೂ ಎಂಜಿನ್‌ನ ಕ್ರ್ಯಾಂಕ್‌ಗೆ ಜೋಡಿಸಿದ ಪ್ರೈಮರಿ ಕ್ಲಚ್‌ನೊಳಗಿನ ಮೂರು ತೋಳುಗಳು, ಅವುಗಳಲ್ಲಿ ಕೂಡಿಸಿದ ಪಿನ್ನಿನ ತೂಕದ ಬಲದಿಂದ ಹೊರಕ್ಕೆ ಚಾಚಿ, ರ‍್ಯಾಂಪ್ ಎಂಬ ಇಳಿಜಾರಿನ ತುಂಡುಗಳನ್ನು ಒತ್ತಿ ಬೆಲ್ಟನ್ನು ಬಿಗಿಯುತ್ತವೆ. ತೂಕ ಹೆಚ್ಚಿದರೆ ಎಂಜಿನ್ ಕಡಿಮೆ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ) ನಿಲ್ಲುತ್ತದೆ, ತೂಕ ಇಳಿದರೆ ಆರ್‌ಪಿಎಂ ಏರುತ್ತದೆ. ಕ್ಲಚ್ ಟ್ಯೂನಿಂಗ್ ಎಂದರೆ ಬಹುಪಾಲು ಈ ಎರಡು ಮಾತುಗಳನ್ನು ತಾಳ್ಮೆಯಿಂದ ಅನ್ವಯಿಸುವುದೇ ಆಗಿದೆ.

ಪ್ರತಿ 300 ಮೀಟರ್ ಏರಿಕೆಗೆ ಎಂಜಿನ್ ತನ್ನ ಶಕ್ತಿಯ ಸುಮಾರು ಶೇ 3ರಷ್ಟನ್ನು ಕಳೆದುಕೊಳ್ಳುತ್ತದೆ ಎಂಬುದು ಮೆಕ್ಯಾನಿಕ್‌ಗಳು ಬಳಸುವ ಅಂದಾಜು. ಆ ಕಾರಣಕ್ಕೆ ಪರ್ವತದ ಗಾಡಿಗೆ ಹಗುರವಾದ ಪಿನ್ನುಗಳನ್ನು ಹಾಕಿರುತ್ತಾರೆ. ಅದನ್ನು ಎರಡು ಸಾವಿರ ಮೀಟರ್ ಕೆಳಗಿಳಿಸಿದಾಗ ಎಂಜಿನ್‌ಗೆ ಐದನೆಯ ಒಂದು ಭಾಗದಷ್ಟು ಶಕ್ತಿ ಮರಳಿ ಬರುತ್ತದೆ, ಆದರೆ ಆ ಶಕ್ತಿಯನ್ನು ಹಿಡಿದಿಡುವ ತೂಕ ಕ್ಲಚ್‌ನಲ್ಲಿ ಇರುವುದಿಲ್ಲ. ಇ-ಟೆಕ್ ಎಂಜಿನ್‌ನ ಇಂಧನ ವ್ಯವಸ್ಥೆ ಗಾಳಿಯ ಒತ್ತಡವನ್ನು ತಾನೇ ಅಳೆದು ಹೊಂದಿಕೊಳ್ಳುವುದರಿಂದ, ಮಿಕ್ಕದ್ದೆಲ್ಲವೂ ಹಾಗೆಯೇ ಹೊಂದಿಕೊಂಡೀತೆಂದು ಹಲವರು ನಂಬಿದ್ದಾರೆ. ಕ್ಲಚ್ ಶುದ್ಧ ಯಾಂತ್ರಿಕ ವಸ್ತು, ಅದಕ್ಕೆ ಎತ್ತರದ ಅರಿವಿಲ್ಲ. ಎಂಜಿನ್ ತನ್ನ ಗರಿಷ್ಠ ಶಕ್ತಿಯ ಆರ್‌ಪಿಎಂ ದಾಟಿ ಮೇಲಕ್ಕೆ ಓಡುತ್ತದೆ. ಟೂ-ಸ್ಟ್ರೋಕ್ ಎಂಜಿನ್‌ನ ಸೈಲೆನ್ಸರ್ ಪೈಪನ್ನು ಆರ್‌ಪಿಎಂನ ಒಂದು ಕಿರಿದಾದ ವ್ಯಾಪ್ತಿಗೆಂದೇ ಲೆಕ್ಕ ಹಾಕಿ ರೂಪಿಸಿರುವುದರಿಂದ, ಆ ವ್ಯಾಪ್ತಿಯ ಆಚೆಗೆ ಶಕ್ತಿ ಮೆಲ್ಲಗೆ ಇಳಿಯುವುದಿಲ್ಲ, ಥಟ್ಟನೆ ಕುಸಿಯುತ್ತದೆ. ಹೀಗಾಗಿ ಸದ್ದು ಜೋರಾಗಿ, ಓಟ ಮಂದವಾಗಿ, ಪೆಟ್ರೋಲು ಮಾತ್ರ ಧಾರಾಳವಾಗಿ ಖರ್ಚಾಗುವ ವಿಚಿತ್ರ ಸ್ಥಿತಿ ಒದಗುತ್ತದೆ.

ಈ 600 ಎಂಜಿನ್ 8,100 ಆರ್‌ಪಿಎಂ ಸುತ್ತ ತನ್ನ ಪೂರ್ಣ ಶಕ್ತಿ ಕೊಡುತ್ತದೆ. ಗಾಡಿ ಬಂದಾಗ ಕ್ಲಿಕ್ಕರ್‌ಗಳು 3ರಲ್ಲಿದ್ದವು. ಗಟ್ಟಿಯಾಗಿ ಹೆಪ್ಪುಗಟ್ಟಿದ ಕೆರೆಯ ಮೇಲೆ, ಎಂಜಿನ್ ಮತ್ತು ಬೆಲ್ಟ್ ಎರಡೂ ಚೆನ್ನಾಗಿ ಬಿಸಿಯಾದ ಮೇಲೆ ಥ್ರಾಟಲ್ ಪೂರ್ತಿ ಒತ್ತಿ ಹಿಡಿದಾಗ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ 8,600ರ ಆಸುಪಾಸಿನಲ್ಲಿ ನಿಂತಿತು. ಬೆಲ್ಟ್ ಬಿಸಿಯಾಗುವ ಮೊದಲು ತೆಗೆದುಕೊಂಡ ಅಳತೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾರೂ ಹಿಡಿಯಬಾರದು.

ಕ್ಲಿಕ್ಕರ್‌ಗೆ 1ರಿಂದ 6ರವರೆಗೆ ಆರು ಸ್ಥಾನಗಳಿವೆ. ಸ್ಕ್ರೂವನ್ನು ತಿರುಗಿಸಿದಾಗ ರ‍್ಯಾಂಪಿನ ಕೋನ ಬದಲಾಗುತ್ತದೆ. ಸಂಖ್ಯೆ ಒಂದು ಇಳಿದರೆ ಗರಿಷ್ಠ ಆರ್‌ಪಿಎಂ ಸುಮಾರು 200ರಷ್ಟು ಇಳಿಯುತ್ತದೆ, ಒಂದು ಏರಿದರೆ ಅಷ್ಟೇ ಏರುತ್ತದೆ. ಕೆಲಸ ಸರಳವಾದದ್ದೇ: ಎಂಜಿನ್ ಆರಿಸಿ, ಗಾರ್ಡ್ ತೆಗೆದು, ಲಾಕ್ ನಟ್ಟನ್ನು ಸಡಿಲಿಸಿ, ಸ್ಕ್ರೂವನ್ನು ಸ್ವಲ್ಪವೇ ಹೊರಗೆಳೆದು ತಿರುಗಿಸಿ, ಮತ್ತೆ ಬಿಗಿಯುವುದು. ಸ್ಕ್ರೂವನ್ನು ಪೂರ್ತಿ ಹೊರತೆಗೆದರೆ ಒಳಗಿನ ವಾಷರ್ ಬಿದ್ದುಹೋಗುತ್ತದೆ ಎಂದು ಕೈಪಿಡಿ ಎಚ್ಚರಿಸುತ್ತದೆ. ಮೂರೂ ಸ್ಕ್ರೂಗಳು ಒಂದೇ ಸಂಖ್ಯೆಯಲ್ಲಿರಬೇಕು. ಮೊದಲ ಸ್ಥಾನಕ್ಕೆ ಅಂಕಿಯನ್ನೇ ಕೆತ್ತಿಲ್ಲದಿರುವುದರಿಂದ, ಮಬ್ಬು ಬೆಳಕಿನಲ್ಲಿ ಕೈಗವಸು ತೊಟ್ಟು ಕೆಲಸ ಮಾಡುವವರು 2ರಿಂದ ಹಿಂದಕ್ಕೆ ಎಣಿಸುವುದು ಕ್ಷೇಮ. ಹೊಸ ಪಿನ್ನು, ಹೊಸ ಸ್ಪ್ರಿಂಗ್ ಯಾವುದೂ ಬೇಡ, ಕ್ಲಚ್ ಬಿಚ್ಚುವ ವಿಶೇಷ ಉಪಕರಣವೂ ಬೇಡ. ದಾರಿಯ ಬದಿಯಲ್ಲಿ ನಿಂತು ಕೆಲವೇ ನಿಮಿಷಗಳಲ್ಲಿ ಮುಗಿಸಬಹುದಾದ ಈ ಅನುಕೂಲಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

3ರಿಂದ 1ಕ್ಕೆ ಇಳಿಸಿದಾಗ ಟ್ಯಾಕೋಮೀಟರ್ 8,200ಕ್ಕೆ ಬಂದಿತು. ಕಾಗದದ ಮೇಲೆ ಇದು ತೃಪ್ತಿಕರವಾಗಿ ಕಾಣುತ್ತದೆ, ಓಟದಲ್ಲಿಯೂ ಸುಧಾರಣೆ ಸ್ಪಷ್ಟವಾಗಿತ್ತು. ಆದರೆ 1 ಎಂಬುದು ಕೊನೆಯ ಮೆಟ್ಟಿಲು, ಅದರ ಕೆಳಗೆ ಜಾಗವಿಲ್ಲ. ಮಿನ್ನೆಸೋಟದ ಜನವರಿಯಲ್ಲಿ ಉಷ್ಣಾಂಶ ಸೊನ್ನೆಯಿಂದ ಮೈನಸ್ 25 ಡಿಗ್ರಿಗೆ ಇಳಿಯುವುದು ಅಪರೂಪವಲ್ಲ, ಮತ್ತು ಅಷ್ಟು ಇಳಿದಾಗ ಗಾಳಿಯ ಸಾಂದ್ರತೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಎಂಜಿನ್‌ಗೆ ಅದು ಇನ್ನೂ ಕೆಳಗಿಳಿದಂತೆಯೇ ಸರಿ. ಕೊರೆಯುವ ಚಳಿಯ ಬೆಳಿಗ್ಗೆಗಳಲ್ಲಿ ಮುಳ್ಳು ಮತ್ತೆ 8,300 ದಾಟುತ್ತಿತ್ತು, ಆಗ ಕ್ಲಿಕ್ಕರ್‌ನಿಂದ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ದಿನದಿನದ ಹವೆಗೆ ತಕ್ಕಂತೆ ಹೊಂದಿಸಲೆಂದು ಕೊಟ್ಟ ಸೌಲಭ್ಯವನ್ನೆಲ್ಲ ಎತ್ತರದ ವ್ಯತ್ಯಾಸ ಸರಿದೂಗಿಸುವುದಕ್ಕೇ ಖರ್ಚು ಮಾಡಿದರೆ ಹೀಗಾಗುವುದು ಸಹಜ.

ಇದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದಿದೆ. ಕ್ಲಿಕ್ಕರ್‌ಗಳ ಪ್ರಭಾವ ಮೇಲಿನ ಆರ್‌ಪಿಎಂಗಳಲ್ಲಿ ಮಾತ್ರ ಕಾಣಿಸುತ್ತದೆ. ಪರ್ವತದ ಗಾಡಿಗಳಲ್ಲಿ ಆಳವಾದ ಹಿಮದಿಂದ ಒಮ್ಮೆಲೇ ಮೇಲೇಳುವ ಸಲುವಾಗಿ ತೋಳುಗಳ ಒತ್ತಡಕ್ಕೆ ಎದುರಾಗಿ ನಿಲ್ಲುವ ಪ್ರೈಮರಿ ಸ್ಪ್ರಿಂಗನ್ನು ಸಾಮಾನ್ಯವಾಗಿ ಬಿಗಿಯಾಗಿಟ್ಟಿರುತ್ತಾರೆ, ಹಾಗಾಗಿ ಕ್ಲಚ್ ಬೆಲ್ಟನ್ನು ಹಿಡಿಯುವುದು ತಡವಾಗಿ, ಹಿಡಿದಾಗ ಗಾಡಿ ಜಗ್ಗುತ್ತದೆ. ಮರಗಳ ನಡುವಿನ ತಿರುವುದಾರಿಯಲ್ಲಿ, ಮುಂದಿನ ಗಾಡಿಯ ಹಿಂದೆ ನಿಧಾನವಾಗಿ ಸಾಗುವಾಗ ಈ ಜಗ್ಗಾಟ ಬೇಸರ ತರಿಸುತ್ತದೆ, ಬೆಲ್ಟ್‌ಗೂ ಒಳ್ಳೆಯದಲ್ಲ. ಕ್ಲಿಕ್ಕರ್ ಯಾವ ಸಂಖ್ಯೆಯಲ್ಲಿದ್ದರೂ ಇದು ಹಾಗೆಯೇ ಉಳಿಯುತ್ತದೆ, ಪರಿಹಾರ ಬೇಕಿದ್ದರೆ ಸ್ಪ್ರಿಂಗನ್ನೇ ಬದಲಿಸಬೇಕು.

ಆದ್ದರಿಂದ ಕೊನೆಗೆ ಹಗುರವಾದ ಟೊಳ್ಳು ಪಿನ್ನುಗಳ ಜಾಗದಲ್ಲಿ ಭಾರವಾದ ಪಿನ್ನುಗಳನ್ನು ಹಾಕಿಸಿ, ಸ್ಪ್ರಿಂಗನ್ನು ತಗ್ಗು ಪ್ರದೇಶದ ಅಳತೆಗೆ ಬದಲಿಸಿ, ಕ್ಲಿಕ್ಕರ್‌ಗಳನ್ನು 3ಕ್ಕೆ ಮರಳಿಸಿದೆ. ಕ್ಲಿಕ್ಕರ್‌ಗಳು ನಿಜವಾಗಿ ಯಾವ ಕೆಲಸಕ್ಕೆಂದು ಇವೆಯೋ ಅದನ್ನು ಆಗಿನಿಂದ ಸೊಗಸಾಗಿ ಮಾಡುತ್ತಿವೆ. ಕಡುಚಳಿಯಲ್ಲಿ 2, ಮಾರ್ಚ್ ತಿಂಗಳ ಒದ್ದೆ ಹಿಮದಲ್ಲಿ ಆರ್‌ಪಿಎಂ 8,000ಕ್ಕಿಂತ ಕೆಳಗಿಳಿದರೆ 4, ಉಳಿದ ದಿನಗಳಲ್ಲಿ 3. ಥ್ರಾಟಲ್ ಒತ್ತಿದಾಗ ಮುಳ್ಳು 8,100ಕ್ಕೆ ಬಂದು ಅಲ್ಲಾಡದೆ ನಿಲ್ಲುತ್ತದೆ, ಗಾಡಿಯ ವೇಗ ಮಾತ್ರ ಏರುತ್ತಾ ಹೋಗುತ್ತದೆ. ಒಳ್ಳೆಯ ಕ್ಲಚ್‌ನ ಲಕ್ಷಣ ಇದೇ.

ಇನ್ನೊಂದು ಸ್ನೋಮೊಬೈಲ್ ಕಂಪನಿಯಾದ ಪೋಲಾರಿಸ್‌ನ ಗಾಡಿಗಳಲ್ಲಿ ಕ್ಲಿಕ್ಕರ್ ಇಲ್ಲ. ಅಲ್ಲಿ ಎತ್ತರಕ್ಕೆ ತಕ್ಕಂತೆ ತೂಕಗಳನ್ನೇ ಬದಲಿಸಬೇಕು, ಆದರೆ ಕಂಪನಿಯ ಕೋಷ್ಟಕದಲ್ಲಿ 0ದಿಂದ 600 ಮೀಟರ್‌ವರೆಗೆ ಯಾವ ತೂಕ, 600ರಿಂದ 1,200ರವರೆಗೆ ಯಾವುದು ಎಂದು ಮೆಟ್ಟಿಲು ಮೆಟ್ಟಿಲಾಗಿ ಬರೆದಿರುತ್ತದೆ. ಒಂದೇ ಎತ್ತರದಲ್ಲಿ ಓಡಿಸುವವರಿಗೆ ಆ ಪದ್ಧತಿಯಿಂದ ನಷ್ಟವೇನಿಲ್ಲ, ಒಮ್ಮೆ ಹಾಕಿದರೆ ಮುಗಿಯಿತು. ಹವೆ ದಿನಕ್ಕೊಂದು ಬಗೆಯಾಗಿರುವಲ್ಲಿ ಅಥವಾ ಚಳಿಗಾಲಕ್ಕೊಮ್ಮೆ ವ್ಯೋಮಿಂಗ್‌ನ ಪರ್ವತಗಳ ಕಡೆಗೆ ಹೋಗಿಬರುವವರಿಗೆ ಟಿಆರ್‌ಎ ಹೆಚ್ಚು ಒಪ್ಪುತ್ತದೆಂಬುದು ನನ್ನ ಅಭಿಪ್ರಾಯ. ಹಾಗೆ ಹೋಗುವಾಗಲೂ ಪಿನ್ನುಗಳನ್ನು ಬದಲಿಸಿಕೊಂಡೇ ಹೋಗಬೇಕು.

ಪರ್ವತದ ಕಡೆಯಿಂದ ಬಂದ ಹಳೆಯ ಸ್ಕೀ-ಡೂ ಕೊಳ್ಳುವವರು ಮಾರುವವರನ್ನು ಕ್ಲಿಕ್ಕರ್‌ನ ಸಂಖ್ಯೆ ಮಾತ್ರ ಕೇಳಿ ಸುಮ್ಮನಾಗದೆ, ಒಳಗಿರುವ ಪಿನ್ನು ಯಾವುದು, ಸ್ಪ್ರಿಂಗ್ ಯಾವುದು ಎಂದೂ ಕೇಳಬೇಕು, ಉತ್ತರ ಸಿಗದಿದ್ದರೆ ಅವುಗಳ ಬೆಲೆಯನ್ನು ಗಾಡಿಯ ಬೆಲೆಯಲ್ಲಿ ಕಳೆದು ಮಾತಾಡಬೇಕು. ಬೆಲ್ಟ್ ಸವೆದಿದ್ದರೆ ಅಥವಾ ಪುಲ್ಲಿಗಳ ಮೈಗೆ ರಬ್ಬರಿನ ಪುಡಿ ಮೆತ್ತಿದ್ದರೆ ಟ್ಯಾಕೋಮೀಟರ್ ತೋರಿಸುವ ಅಂಕಿ ನಂಬಿಕೆಗೆ ಅರ್ಹವಲ್ಲ, ಹಾಗಾಗಿ ಯಾವ ಹೊಂದಾಣಿಕೆಗೂ ಮೊದಲು ಪುಲ್ಲಿಗಳನ್ನು ಒರೆಸಿ, ಬೆಲ್ಟಿನ ಬಿಗಿಯನ್ನು ಸರಿಪಡಿಸಿಕೊಳ್ಳಬೇಕು. ಜೊತೆಗೆ ಕ್ಲಚ್‌ಗೆ ನೇರ ಸಂಬಂಧವಿಲ್ಲದಿದ್ದರೂ ಒಂದು ಮಾತು: ತಗ್ಗು ಪ್ರದೇಶದ ಗಟ್ಟಿ ದಾರಿಗಳಲ್ಲಿ ಎಂಜಿನನ್ನು ತಂಪಾಗಿಡುವ ಪುಡಿಹಿಮ ಮೇಲೇಳದೆ ಎಂಜಿನ್ ಬೇಗ ಕಾಯುತ್ತದೆ, ಆದ್ದರಿಂದ ಹಿಮವನ್ನು ಕೆರೆದು ಮೇಲಕ್ಕೆ ಚಿಮ್ಮಿಸುವ ಸ್ಕ್ರ್ಯಾಚರ್‌ಗಳು ಗಾಡಿಯಲ್ಲಿ ಇಲ್ಲದಿದ್ದರೆ ಪಿನ್ನುಗಳ ಜೊತೆಯಲ್ಲೇ ಅವನ್ನೂ ಹಾಕಿಸಿಕೊಳ್ಳಿ.