ಪೆಟ್ ಸ್ಕ್ಯಾನೋ, ಚೆರೆಂಕೋವ್ ಬೆಳಕೋ?

ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿ ಹರಡಿದೆ ಎಂದು ತಿಳಿಯಬೇಕೇ? ಈ ಎರಡರಲ್ಲಿ ಪೆಟ್-ಸಿಟಿಯೇ (ವಿಕಿರಣ ಸೂಸುವ ಔಷಧ ಚುಚ್ಚಿ ಇಡೀ ಮೈಯ ಚಿತ್ರ ತೆಗೆಯುವ ಸ್ಕ್ಯಾನ್) ಸರಿ, ಎರಡನೇ ಮಾತಿಲ್ಲ. ಅದು ಹಿಡಿಯುವ ಗಾಮಾ ಕಿರಣ ಮೈಯ ಆಳದಿಂದಲೂ ಹೊರಬರುತ್ತದೆ.

ಚೆರೆಂಕೋವ್‌ನದು ಬೇರೆ ಕೆಲಸ. ಪೆಟ್‌ಗೆ ಚುಚ್ಚುವ ಅದೇ ಎಫ್‌ಡಿಜಿ ಔಷಧದಿಂದ (ಫ್ಲೋರಿನ್-18 ಎಂಬ ವಿಕಿರಣ ವಸ್ತು ಸೇರಿಸಿದ ಸಕ್ಕರೆಯಂಥದ್ದು) ಹೊಮ್ಮುವ ಪಾಸಿಟ್ರಾನ್ ಎಂಬ ಕಣ, ಅಂಗಾಂಶದೊಳಗೆ ಬೆಳಕು ಓಡುವುದಕ್ಕಿಂತ ಜೋರಾಗಿ ಓಡುವಾಗ ಮಂದ ನೀಲಿ ಬೆಳಕು ಚೆಲ್ಲುತ್ತದೆ; ಅದೇ ಚೆರೆಂಕೋವ್ ಬೆಳಕು. ರಕ್ತ ಆ ನೀಲಿಯನ್ನು ಹೀರಿಬಿಡುವುದರಿಂದ ಕಾಣುವುದು ಕೆಲವೇ ಮಿಲಿಮೀಟರ್ ಆಳ. ಹಾಗಾಗಿ ಇದು ಆಪರೇಷನ್ ಥಿಯೇಟರಿಗೆ ಒಪ್ಪುವಂಥದ್ದು: ಕೊಯ್ದು ತೆಗೆದ ಸ್ತನದ ಗಡ್ಡೆಯ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ಅಲ್ಲೇ ನೋಡಬಹುದು. ತುಂಡನ್ನು ಕತ್ತಲ ಪೆಟ್ಟಿಗೆಯಲ್ಲಿಟ್ಟು ಸುಮಾರು 5 ನಿಮಿಷ ಕ್ಯಾಮೆರಾ ತೆರೆದಿಡುತ್ತಾರೆ. ಬಾಗಿಲಲ್ಲಿ ಕೂದಲೆಳೆ ಸಂದಿಯಿದ್ದರೂ ಚಿತ್ರ ಹಾಳು. ಕಾಟರಿಯಿಂದ (ವಿದ್ಯುತ್ ಕಾವಿನಿಂದ ಕೊಯ್ಯುವ ಸಲಕರಣೆ) ಸುಟ್ಟ ಅಂಚೂ ತಾನಾಗಿ ಹೊಳೆದು ಮೋಸಮಾಡುತ್ತದೆ. ಅಂಥ ಗಡ್ಡೆಯನ್ನು ಚಾಕುವಿನಿಂದಲೇ ಕೊಯ್ಯುವುದು ಮೇಲು. ಬೋನ್ ಸ್ಕ್ಯಾನಿಗೆ ಚುಚ್ಚುವ ವಿಕಿರಣ ವಸ್ತು ಟೆಕ್ನೀಷಿಯಂ ಇದಕ್ಕೆ ಬಾರದು, ಅದರ ಎಲೆಕ್ಟ್ರಾನ್‌ಗಳಿಗೆ ಅಷ್ಟು ಕಸುವಿಲ್ಲ.

ಬಳ್ಳಾರಿಯವರಿಗೆ ಎರಡರಲ್ಲೂ ಗಡಿಯಾರವೇ ತೊಡಕು. ಎಫ್‌ಡಿಜಿಯಲ್ಲಿರುವ ಫ್ಲೋರಿನ್-18ರ ಅರ್ಧಾಯುಷ್ಯ (ಅರ್ಧಕ್ಕಿಳಿಯಲು ಬೇಕಾದ ಹೊತ್ತು) 110 ನಿಮಿಷ. ಔಷಧ ಬೆಂಗಳೂರಿನಿಂದ ರಸ್ತೆಯಲ್ಲಿ ಬರಲು ಆರು ತಾಸು ಹಿಡಿದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು. ಪೆಟ್‌ಗೆ ರೋಗಿಯೇ ಸೆಂಟರಿಗೆ ಹೋಗಿಬರಬಹುದು. ಚೆರೆಂಕೋವ್‌ಗೆ ಇಂಜೆಕ್ಷನ್ನೂ ಆಪರೇಷನ್ನೂ ಒಂದೇ ಊರಲ್ಲಿ, ಕೆಲವೇ ತಾಸಿನಲ್ಲಿ ಮುಗಿಯಬೇಕು.