ಜಿಲೇಬಿಯೋ, ಜಹಾಂಗೀರೋ?

ಹಬ್ಬಕ್ಕೆ ಮನೆಯಲ್ಲಿ ಎರಡರಲ್ಲಿ ಯಾವುದನ್ನು ಮಾಡುವುದು ಎಂದರೆ, ಮೊದಲು ತಿನ್ನುವ ಹೊತ್ತು ಯಾವುದು ಎಂದು ನೋಡಿ. ಜಿಲೇಬಿ ಬಿಸಿಬಿಸಿಯಾಗಿದ್ದರೇ ಚೆನ್ನ. ಒಂದೆರಡು ಗಂಟೆಯಲ್ಲಿ ಗರಿಗರಿತನ ಹೋಗಿ ಮೆತ್ತಗಾಗುತ್ತದೆ. ಜಹಾಂಗೀರು ಪಾಕ ಕುಡಿದು ತಣಿದ ಮೇಲೆ ರುಚಿ, ಎರಡು ಮೂರು ದಿನ ಡಬ್ಬಿಯಲ್ಲಿಡಬಹುದು. ನೆಂಟರಿಗೆ ಕಟ್ಟಿಕೊಡುವುದಿದ್ದರೆ ಇದೇ ಸರಿ.

ಖರ್ಚಿನಲ್ಲಿ ಜಿಲೇಬಿ ಅಗ್ಗ: ಮೈದಾ, ಹುಳಿ ಮೊಸರು, ಅಷ್ಟೆ. ಆದರೆ ಹಿಟ್ಟನ್ನು ಹಿಂದಿನ ರಾತ್ರಿಯೇ ಕಲಸಿಟ್ಟು ಹುಳಿ ಬರಿಸಬೇಕು.

ಜಹಾಂಗೀರಿಗೆ ಆ ಕಾಯುವಿಕೆ ಇಲ್ಲ. ಒಂದು ಬಟ್ಟಲು ಉದ್ದಿನಬೇಳೆ, ಒಂದು ಚಮಚ ಅಕ್ಕಿ ಮೂರು ಗಂಟೆ ನೆನೆದರೆ ಸಾಕು. ಕಷ್ಟವೆಲ್ಲ ರುಬ್ಬುವುದರಲ್ಲಿದೆ. ನೀರು ಚಿಮುಕಿಸುತ್ತಾ ಹಗುರಾಗುವವರೆಗೆ ರುಬ್ಬಿ. ಚೂರು ಹಿಟ್ಟು ನೀರಿನಲ್ಲಿ ತೇಲಬೇಕು. ಮುಳುಗಿದರೆ ಒಳಗೆ ಗಟ್ಟಿಯಾಗಿ ಪಾಕ ಹೀರುವುದಿಲ್ಲ. ನೀರು ಹೆಚ್ಚಾದರೆ ಆಕಾರ ನಿಲ್ಲದೆ ಎಣ್ಣೆ ಕುಡಿಯುತ್ತದೆ. ಮಿಕ್ಸಿ ಬೇಗ ಬಿಸಿಯಾಗುತ್ತದೆ, ಗ್ರೈಂಡರ್ ಇದ್ದವರಿಗೆ ಸಲೀಸು.

ಕೈಚಳಕದ ಮಾತಿಗೆ ಬಂದರೆ, ಜಿಲೇಬಿಯನ್ನು ಸಾಸ್ ಬಾಟಲಿಯಲ್ಲೂ ಸುತ್ತಬಹುದು, ಸೊಟ್ಟಗಾದರೂ ಯಾರೂ ಕೇಳುವುದಿಲ್ಲ. ಜಹಾಂಗೀರಿನ ಹೂವಿಗೆ ತೂತಿನ ಬಟ್ಟೆ, ಪಳಗಿದ ಕೈ ಬೇಕು; ಉರಿಯೂ ಸಣ್ಣದಿರಲಿ, ಇಲ್ಲದಿದ್ದರೆ ಹೊರಗೆ ಕೆಂಪಗಾಗಿ ಒಳಗೆ ಹಸಿ ಉಳಿಯುತ್ತದೆ. ಎರಡಕ್ಕೂ ಬೆಚ್ಚಗಿನ ಒಂದೆಳೆ ಪಾಕ. ನಾಲ್ಕು ಹನಿ ನಿಂಬೆರಸ ಹಾಕಿದರೆ ಸಕ್ಕರೆ ಹರಳುಗಟ್ಟದು.

ಮೊದಲ ಸಲ ಮಾಡುವವರು, ಎದುರಲ್ಲೇ ಬಡಿಸುವವರು ಜಿಲೇಬಿಗೆ ಕೈಹಾಕಿ. ಗೋಧಿ, ಮೈದಾ ಒಗ್ಗದವರು ಮನೆಯಲ್ಲಿದ್ದರೆ ಮಾತ್ರ ಕಷ್ಟವಾದರೂ ಜಹಾಂಗೀರೇ.